ಸೇನಾ ವಾಹನಗಳ ನಿರ್ವಹಣೆ: ಯಾರ ಹೊಣೆ ಎಲ್ಲಿಯವರೆಗೆ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯಲ್ಲಿ 1974ರಿಂದ 1977ರವರೆಗೆ ಓದಿದೆ. ಓದಿದೆ ಎನ್ನುವುದಕ್ಕಿಂತ ಬಂದು ಹೋದೆ ಎಂದರೆ ಸರಿ. ಇಲ್ಲಿ ಕೂತಿರುವ ನನ್ನ ಗಣಿತದ ಮೇಷ್ಟ್ರು ನಗುತ್ತಿದ್ದಾರೆ, ಅವರಿಗೆ ಗೊತ್ತು. ಎರಡು ವರ್ಷ ಹೊಲದಲ್ಲಿ ದುಡಿದು, 1979ರಲ್ಲಿ ಸೈನ್ಯಕ್ಕೆ ಸೇರಿದೆ. 24 ವರ್ಷ ಸೇವೆ ಮಾಡಿ ನಿವೃತ್ತನಾಗಿ ಊರಿಗೆ ಬಂದೆ.

ಸಂಘಟಕರು ಫೋನ್ ಮಾಡಿದಾಗ "ಯುದ್ಧದ ಅನುಭವ ಹೇಳಿರಿ, ಹುಡುಗರಿಗೆ ಹುರುಪು ಬರುತ್ತದೆ" ಅಂದರು. ನಾನು ಗುಂಡು ಹಾರಿಸಿದ್ದು ಅಭ್ಯಾಸದ ಮೈದಾನದಲ್ಲಿ ಮಾತ್ರ. ನನ್ನ ಕೈಯಲ್ಲಿ ಹೆಚ್ಚು ಹೊತ್ತು ಇದ್ದದ್ದು ಬಂದೂಕಲ್ಲ, ಪಾನಾ. ನಾನು ಇ.ಎಂ.ಇ. ದಳದಲ್ಲಿ ವಾಹನಗಳ ಮೆಕ್ಯಾನಿಕ್. ಹಾಗಾಗಿ ಗೊತ್ತಿರುವುದನ್ನೇ ಹೇಳುತ್ತೇನೆ. ಸೇನೆಯ ಗಾಡಿ ಕೆಟ್ಟರೆ ಯಾರು ಏನು ಮಾಡಬೇಕು, ಯಾರು ಏನು ಮಾಡಬಾರದು, ಅದರ ಹೊಣೆ ಯಾರದು. ಒಣ ವಿಷಯ ಅನ್ನಿಸಬಹುದು. ಆದರೆ ಈ ವಿಷಯ ಸರಿಯಾಗಿ ತಿಳಿಯದೆ ನಾನು ಮಾಡಿದ ಒಂದು ತಪ್ಪಿನಿಂದ ಆರು ಜನರ ಜೀವಕ್ಕೆ ಕುತ್ತು ಬಂದಿತ್ತು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೊದಲು ಇ.ಎಂ.ಇ. ಅಂದರೆ ಏನು ಹೇಳಬೇಕು. ಎರಡನೇ ಮಹಾಯುದ್ಧ ಬರುವ ಹೊತ್ತಿಗೆ ಸೈನ್ಯದಲ್ಲಿ ಕುದುರೆ, ಹೇಸರಗತ್ತೆಗಳ ಜಾಗದಲ್ಲಿ ಮೋಟಾರು ಗಾಡಿಗಳು ತುಂಬಿಕೊಂಡವು. ಕುದುರೆಗೆ ಕಾಯಿಲೆಯಾದರೆ ವೈದ್ಯರಿದ್ದರು. ಗಾಡಿಗೆ ಕಾಯಿಲೆಯಾದರೆ? ರಿಪೇರಿ ಕೆಲಸ ಬೇರೆ ಬೇರೆ ದಳಗಳಲ್ಲಿ ಹಂಚಿಹೋಗಿತ್ತು. ಬ್ರಿಟಿಷ್ ಸೇನೆ 1942ರಲ್ಲಿ ಈ ಕೆಲಸಕ್ಕೆಂದೇ ಒಂದು ದಳ ಕಟ್ಟಿತು. ಮರುವರ್ಷ, 1943ರಲ್ಲಿ, ಭಾರತದ ಸೇನೆಯಲ್ಲೂ ಅಂಥದೇ ದಳ ಹುಟ್ಟಿತು. ಅದೇ ಇ.ಎಂ.ಇ. ಈಗಲೂ ಅಕ್ಟೋಬರ್ 15ರಂದು ನಾವು ದಳದ ದಿನ ಆಚರಿಸುತ್ತೇವೆ. ನಮ್ಮ ಧ್ಯೇಯವಾಕ್ಯ 'ಕರ್ಮ ಹಿ ಧರ್ಮ'. ಕೆಲಸವೇ ಧರ್ಮ.

ಇನ್ನು ಹಂತಗಳ ಮಾತು. ಇದನ್ನು ನನಗೆ ಸಿಕಂದರಾಬಾದಿನ ತರಬೇತಿ ಕೇಂದ್ರದಲ್ಲಿ ಕಲಿಸಿದರು. ಆದರೆ ಕಲಿಸುವಾಗ ನನಗೆ ನೆನಪಾದದ್ದು ನಮ್ಮ ಮನೆಯ ಚಕ್ಕಡಿ. ಇಲ್ಲಿರುವ ಹಿರಿಯರಿಗೆ ಗೊತ್ತು. ಅಚ್ಚಿಗೆ ಕೀಲೆಣ್ಣೆ ಹಾಕುವುದು, ಕಡಾಣಿ ಸರಿಯಾಗಿದೆಯೇ ನೋಡುವುದು ಹೊಡೆಯುವವನ ಕೆಲಸ. ಅದಕ್ಕೆ ಯಾರೂ ಬಡಿಗೇರನನ್ನು ಕರೆಯುವುದಿಲ್ಲ. ಗಾಲಿಯ ಅರ ಸಡಿಲವಾದರೆ ಬಡಿಗೇರನ ಕೆಲಸ. ಗಾಲಿಯ ಕಬ್ಬಿಣದ ಹಳಿ ಕಳಚಿದರೆ ಕಮ್ಮಾರನ ಕುಲುಮೆಗೇ ಒಯ್ಯಬೇಕು. ಹಳಿಯನ್ನು ಮನೆಯಲ್ಲಿ ಒಲೆಯ ಮೇಲೆ ಕಾಯಿಸುತ್ತೇನೆ ಎಂದರೆ ಜನ ನಗುತ್ತಾರೆ. ಸೇನೆಯಲ್ಲೂ ಇಷ್ಟೇ. ಕೀಲೆಣ್ಣೆ ಯಾರದು, ಅರ ಯಾರದು, ಹಳಿ ಯಾರದು ಎಂದು ಬರೆದಿಟ್ಟಿದ್ದಾರೆ.

ಮೊದಲನೆಯ ಹಂತ ಚಾಲಕ. ದಿನಕ್ಕೆ ಮೂರು ಸಲ ಅವನು ಗಾಡಿಯನ್ನು ನೋಡಬೇಕು. ಬೆಳಿಗ್ಗೆ ಹೊರಡುವ ಮುನ್ನ ಫಸ್ಟ್ ಪೆರೇಡ್, ದಾರಿಯಲ್ಲಿ ನಿಂತಾಗ ಹಾಲ್ಟ್ ಪೆರೇಡ್, ಸಂಜೆ ಬಂದ ಮೇಲೆ ಲಾಸ್ಟ್ ಪೆರೇಡ್. ಬೆಳಿಗ್ಗೆ ಇಂಜಿನ್ ಎಣ್ಣೆ, ನೀರು, ಬ್ಯಾಟರಿ, ಫ್ಯಾನ್ ಬೆಲ್ಟ್, ಟೈರಿನ ಗಾಳಿ, ದೀಪ, ಬ್ರೇಕ್ ನೋಡಬೇಕು. ಎಲ್ಲಕ್ಕಿಂತ ಮೊದಲು ಬಗ್ಗಿ ಗಾಡಿಯ ಕೆಳಗಿನ ನೆಲ ನೋಡಬೇಕು. ರಾತ್ರಿಯೆಲ್ಲ ಗಾಡಿ ಏನನ್ನಾದರೂ ತೊಟ್ಟಿಕ್ಕಿದ್ದರೆ ನೆಲ ಹೇಳುತ್ತದೆ. ದಾರಿಯಲ್ಲಿ ನಿಂತಾಗ ಗಾಲಿಯ ಹಬ್ಬಿಗೆ ಹಿಂಗೈ ತಾಗಿಸಿ ನೋಡಬೇಕು. ಒಂದು ಗಾಲಿ ಮಾತ್ರ ಬಿಸಿಯಾಗಿದ್ದರೆ ಅಲ್ಲಿ ಬೇರಿಂಗೋ ಬ್ರೇಕೋ ಹಿಡಿಯುತ್ತಿದೆ ಎಂದು ಅರ್ಥ. ಸಂಜೆ ಡೀಸೆಲ್ ತುಂಬಿಸಿ, ಒರೆಸಿ, ದಿನದಲ್ಲಿ ಕಂಡ ದೋಷವನ್ನು ವರದಿ ಮಾಡಬೇಕು. ಇದರ ಮೇಲೆ, ದಿನಕ್ಕೊಂದು ಭಾಗದಂತೆ ಇಡೀ ಗಾಡಿಯನ್ನು ಸರದಿಯಲ್ಲಿ ಶುಚಿ ಮಾಡಿ, ನಟ್ಟು ಬೋಲ್ಟು ಬಿಗಿಮಾಡಿ, ಗ್ರೀಸ್ ಹಾಕುವ ಕ್ರಮವಿದೆ. ಇದಕ್ಕೆಲ್ಲ ದೊಡ್ಡ ವಿದ್ಯೆ ಬೇಡ. ಕಣ್ಣು, ಕಿವಿ, ಮೂಗು, ಕೈ ಇದ್ದರೆ ಸಾಕು.

ಎರಡನೆಯ ಹಂತ ಆ ಗಾಡಿ ಇರುವ ಯೂನಿಟ್ಟು. ಅಲ್ಲಿ ವಾಹನಗಳ ಉಸ್ತುವಾರಿಗೆ ಒಬ್ಬ ಹವಾಲ್ದಾರನೋ ಜೆ.ಸಿ.ಓ.ನೋ ಇರುತ್ತಾನೆ. ತೋಪಖಾನೆಯಂಥ ರೆಜಿಮೆಂಟುಗಳ ಜೊತೆ ನಮ್ಮ ದಳದ ಒಂದು ಸಣ್ಣ ತಂಡವೂ ಇರುತ್ತದೆ. ಅದನ್ನು ಎಲ್.ಎ.ಡಿ. ಎನ್ನುತ್ತೇವೆ, ಲೈಟ್ ಏಡ್ ಡಿಟ್ಯಾಚ್‌ಮೆಂಟ್. ಹೆಸರೇ ಹೇಳುವಂತೆ ಪ್ರಥಮ ಚಿಕಿತ್ಸೆ. ಬ್ರೇಕ್ ಲೈನಿಂಗ್, ಕ್ಲಚ್ಚಿನ ಹೊಂದಾಣಿಕೆ, ನೀರಿನ ಪಂಪು, ಸ್ಟಾರ್ಟರ್ ಮೋಟಾರು, ಇಂಥವನ್ನು ಬಿಚ್ಚಿ ಬದಲಿಸುವುದು ಇಲ್ಲಿ.

ಮೂರನೆಯದು ಫೀಲ್ಡ್ ವರ್ಕ್‌ಶಾಪ್. ಸ್ವಲ್ಪ ಹಿಂದೆ ಇರುತ್ತದೆ. ಕ್ರೇನು, ವೆಲ್ಡಿಂಗ್, ಲೇಥ್ ಎಲ್ಲ ಅಲ್ಲಿರುತ್ತವೆ. ಇಂಜಿನ್ನೋ ಗೇರ್‌ಬಾಕ್ಸೋ ಪೂರ್ತಿ ಹೋಗಿದ್ದರೆ ಅದನ್ನು ಇಳಿಸಿ ಬೇರೆಯದನ್ನು ಕೂಡಿಸಿ ಗಾಡಿಯನ್ನು ವಾಪಸು ಕಳಿಸುತ್ತಾರೆ. ಕೆಟ್ಟ ಇಂಜಿನ್ ಮಾತ್ರ ಹಿಂದಕ್ಕೆ ಹೋಗುತ್ತದೆ.

ನಾಲ್ಕನೆಯದು ಬೇಸ್ ವರ್ಕ್‌ಶಾಪ್. ಇದು ಕಾರ್ಖಾನೆಯೇ ಸರಿ. ದೆಹಲಿಯಲ್ಲಿ 505, ಪುಣೆ ಹತ್ತಿರದ ಖಡ್ಕಿಯಲ್ಲಿ 512, ಆಗ್ರಾದಲ್ಲಿ 509, ನಮ್ಮ ಬೆಂಗಳೂರಿನ ಹಲಸೂರಿನಲ್ಲಿ 515. ಒಂದೊಂದು ವರ್ಕ್‌ಶಾಪು ಒಂದೊಂದು ಬಗೆಯ ಸಾಮಗ್ರಿಯನ್ನು ನೋಡಿಕೊಳ್ಳುತ್ತದೆ. ಅಲ್ಲಿ ಯಂತ್ರವನ್ನು ಕೊನೆಯ ತಿರುಪಿನವರೆಗೆ ಬಿಚ್ಚಿ, ಅಳೆದು, ಸವೆದದ್ದನ್ನು ಬದಲಿಸಿ ಹೊಸದರಂತೆ ಮಾಡುತ್ತಾರೆ. ಹೆಸರುಗಳು, ಹಂತಗಳ ಲೆಕ್ಕ ಕಾಲಕಾಲಕ್ಕೆ ಬದಲಾಗುತ್ತವೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಇದನ್ನು ಐದು ಮೆಟ್ಟಿಲಾಗಿ ಮಾಡಿತ್ತು, ಮುಂದೆ ಎರಡಕ್ಕೆ ಇಳಿಸಿತು. ಮೆಟ್ಟಿಲು ಎಷ್ಟೇ ಇರಲಿ, ತತ್ವ ಒಂದೇ. ಎಷ್ಟು ಮುಂದೆ ಸಾಧ್ಯವೋ ಅಷ್ಟು ಮುಂದೆ ರಿಪೇರಿ ಮಾಡು. ನಿನ್ನಲ್ಲಿ ಸಮಯ, ಸಲಕರಣೆ, ಕೌಶಲ ಈ ಮೂರರಲ್ಲಿ ಒಂದಿಲ್ಲದಿದ್ದರೂ ಕೈ ಹಾಕಬೇಡ, ಹಿಂದಕ್ಕೆ ಕಳಿಸು.

'ಕೈ ಹಾಕಬೇಡ' ಎನ್ನುವುದು ಏಕೆ? ಡೀಸೆಲ್ ಗಾಡಿಯ ಇಂಜೆಕ್ಷನ್ ಪಂಪು ತೆಗೆದುಕೊಳ್ಳಿ. ಪ್ರತಿ ಸಿಲಿಂಡರಿಗೆ ಎಷ್ಟು ಹನಿ ಡೀಸೆಲ್ ಯಾವ ಗಳಿಗೆಯಲ್ಲಿ ಹೋಗಬೇಕು ಎನ್ನುವುದನ್ನು ಅದು ನಿರ್ಧರಿಸುತ್ತದೆ. ಅದರೊಳಗಿನ ಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಸಣ್ಣದು. ಡೇರೆಯ ಕೆಳಗೆ, ಧೂಳಿನಲ್ಲಿ ಅದನ್ನು ಬಿಚ್ಚಿದರೆ ಮುಗಿಯಿತು. ಬಿಚ್ಚಲು ಬರುವುದಿಲ್ಲವೆಂದಲ್ಲ. ತಿರುಗಿ ಕೂಡಿಸಿದ ಮೇಲೆ ಸರಿಯಿದೆಯೇ ಎಂದು ಪರೀಕ್ಷಿಸುವ ಯಂತ್ರ ಅಲ್ಲಿರುವುದಿಲ್ಲ. ಜಬಲ್‌ಪುರದಲ್ಲಿ ತಯಾರಾಗುತ್ತಿದ್ದ ನಮ್ಮ ಶಕ್ತಿಮಾನ್ ಲಾರಿ ಗಟ್ಟಿ ಗಾಡಿ, ಆನೆಯಂಥದು. ಆದರೆ ಅತಿ ಬುದ್ಧಿವಂತರ ಕೈಗೆ ಸಿಕ್ಕಿ ಕೆಟ್ಟ ಶಕ್ತಿಮಾನ್‌ಗಳನ್ನು ನಾನು ನೋಡಿದ್ದೇನೆ.

ಇನ್ನೊಂದು ಮುಖ್ಯ ಮಾತು. ಗಾಡಿ ಯಾರದು? ರಿಪೇರಿ ಮಾಡುವವರು ನಾವಾದರೂ, ಗಾಡಿಯ ನಿರ್ವಹಣೆಯ ಹೊಣೆ ಆ ಯೂನಿಟ್ಟಿನ ಕಮಾಂಡರನದು. ನಾವು ಡಾಕ್ಟರರು. ಮಗುವನ್ನು ಸಾಕುವುದು ತಾಯಿ ತಂದೆಯ ಕೆಲಸ. ಜ್ವರ ಬಂದಾಗ ಡಾಕ್ಟರರ ಹತ್ತಿರ ಬರಬೇಕು, ಊಟ ಹಾಕದೆ ಬಂದರೆ ಡಾಕ್ಟರರೇನು ಮಾಡಿಯಾರು?

ಇಷ್ಟೆಲ್ಲ ಬಾಯಿಪಾಠ ಬರುತ್ತಿದ್ದರೂ ನಾನು ತಪ್ಪಿದೆ.

1986ರಲ್ಲಿ ಅರುಣಾಚಲದ ತವಾಂಗ್ ಗಡಿಯಲ್ಲಿ, ಸುಮ್ದೊರೊಂಗ್ ಚು ಎಂಬ ಕಣಿವೆಯ ವಿಷಯವಾಗಿ ಚೀನಾ ಜೊತೆ ಬಿಗುವು ಬಂತು. ಯುದ್ಧವಾಗಲಿಲ್ಲ, ಆದರೆ ಸೈನ್ಯ ಜಮಾಯಿಸಿತು. ಆ ಚಳಿಗಾಲ ನಾನು ನಾಯಕ್ ದರ್ಜೆಯಲ್ಲಿ ಒಂದು ತೋಪಖಾನೆ ರೆಜಿಮೆಂಟಿನ ಎಲ್.ಎ.ಡಿ.ಯಲ್ಲಿದ್ದೆ. ಅಸ್ಸಾಮಿನ ತೇಜ್‌ಪುರದಿಂದ ಬೊಮ್ಡಿಲಾ, ದಿರಾಂಗ್, ಸೆಂಗೆ ದಾಟಿ ಸೇಲಾ ಕಣಿವೆದಾರಿ ಹತ್ತಿದರೆ ಆ ಕಡೆ ತವಾಂಗ್. ಸೇಲಾ ಹದಿಮೂರು ಸಾವಿರ ಅಡಿಗಿಂತ ಮೇಲಿದೆ. ಅಲ್ಲಿ ಮನುಷ್ಯರಂತೆ ಇಂಜಿನ್ನೂ ಏದುಸಿರು ಬಿಡುತ್ತದೆ. ಬೆಳಿಗ್ಗೆ ಎಣ್ಣೆ ಬೆಲ್ಲದ ಪಾಕದಂತೆ ಗಟ್ಟಿಯಾಗಿರುತ್ತದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ. ಒಂದೊಂದು ಗಾಡಿಗೂ ಲೆಕ್ಕ. ಒಂದು ಗಾಡಿ ನಿಂತರೆ ಮೇಲಿನವರಿಗೆ ಸೀಮೆಎಣ್ಣೆ ಇಲ್ಲ, ಪಡಿತರ ಇಲ್ಲ.

ಒಂದು ನಿಸ್ಸಾನ್ ಒಂದು ಟನ್ ಗಾಡಿ. ಚಾಲಕ ಒಳ್ಳೆಯ ಹುಡುಗ, ಬಿಹಾರದವನು. ಎರಡು ದಿನದಿಂದ ಗಾಡಿಯ ಡೈರಿಯಲ್ಲಿ ಬರೆದಿದ್ದ: ಬ್ರೇಕ್ ಪೆಡಲು ಮೆತ್ತಗಿದೆ, ಬ್ರೇಕ್ ಎಣ್ಣೆ ಕಡಿಮೆಯಿತ್ತು, ಹಾಕಿದೆ. ಎಣ್ಣೆ ಹಾಕುವುದು ಅವನ ಹಂತದ ಕೆಲಸ, ಮಾಡಿದ. ವಾಹನ ಹವಾಲ್ದಾರ ಅದನ್ನು ಓದಿ, ಎಣ್ಣೆ ಹಾಕಿದ್ದಾನಲ್ಲ ಎಂದು ಸಹಿ ಮಾಡಿದ. ಮೂರನೆಯ ಸಂಜೆ ಗಾಡಿ ನನ್ನ ಹತ್ತಿರ ಬಂತು. ಕತ್ತಲಾಗುತ್ತಿತ್ತು. ಬೆರಳು ಸೆಟೆದುಕೊಂಡಿದ್ದವು. ಒಳಗೆ ಗಾಳಿ ಸೇರಿರಬೇಕು ಎಂದುಕೊಂಡು ಪೈಪಿನಿಂದ ಗಾಳಿ ತೆಗೆದೆ, ಎಣ್ಣೆ ತುಂಬಿದೆ. ಪೆಡಲು ಗಟ್ಟಿಯಾಯಿತು. ಗಾಲಿ ಬಿಚ್ಚಲಿಲ್ಲ, ಡ್ರಮ್ಮು ತೆಗೆಯಲಿಲ್ಲ. ಅದು ನನ್ನ ಹಂತದ ಕೆಲಸ, ನನ್ನದೇ. ಬೆಳಿಗ್ಗೆ ಐದಕ್ಕೆ ಗಾಡಿ ಬೇಕಿತ್ತು. 'ದುರಸ್ತಾಗಿದೆ' ಎಂದು ಬರೆದು ಸಹಿ ಮಾಡಿದೆ.

ಮರುದಿನ ಸೇಲಾದಿಂದ ಸೆಂಗೆ ಕಡೆಗೆ ಇಳಿಯುವಾಗ ಪೆಡಲು ನೆಲಕ್ಕೆ ಮುಟ್ಟಿತು. ಬ್ರೇಕ್ ಇಲ್ಲ. ಹಿಂದೆ ಐದು ಜನ ಕೂತಿದ್ದರು. ಆ ಹುಡುಗ ಗೇರು ಇಳಿಸಿ, ಕೈಬ್ರೇಕ್ ಎಳೆದು, ಗಾಡಿಯನ್ನು ಬೆಟ್ಟದ ಕಡೆಗೆ ತಿರುಗಿಸಿ ಬಂಡೆಗೆ ಉಜ್ಜುತ್ತ ಉಜ್ಜುತ್ತ ನಿಲ್ಲಿಸಿದ. ಇನ್ನೊಂದು ಕಡೆಗೆ ತಿರುಗಿಸಿದ್ದರೆ ನಾನು ಇವತ್ತು ಇಲ್ಲಿ ನಿಂತು ಈ ಮಾತು ಆಡುತ್ತಿರಲಿಲ್ಲ, ಆಡುವ ಧೈರ್ಯವೂ ಇರುತ್ತಿರಲಿಲ್ಲ. ಒಬ್ಬನ ಕಾಲು ಮುರಿಯಿತು. ಚಾಲಕನ ಬಲ ಮಣಿಕಟ್ಟು ಮುರಿಯಿತು. ಎಲ್ಲರೂ ಬದುಕಿದರು.

ನಾನೇ ರಿಕವರಿ ಗಾಡಿಯ ಜೊತೆ ಹೋದೆ. ಅಲ್ಲೇ ರಸ್ತೆಯ ಮೇಲೆ ಹಿಂದಿನ ಎಡಗಾಲಿಯ ಡ್ರಮ್ಮು ಬಿಚ್ಚಿದೆ. ಒಳಗೆ ವೀಲ್ ಸಿಲಿಂಡರಿನ ರಬ್ಬರ್ ಕಪ್ಪು ಹರಿದಿತ್ತು. ಎಣ್ಣೆ ಡ್ರಮ್ಮಿನೊಳಗೇ ಸೋರಿ, ಲೈನಿಂಗ್ ತೊಯ್ದು, ಟೈರಿನ ಒಳಮೈಗೆ ಇಳಿದಿತ್ತು. ಕೆಸರು, ಹಿಮದ ನಡುವೆ ಹೊರಗಿನಿಂದ ಕಾಣುವಂತಿರಲಿಲ್ಲ. ಗಾಲಿ ಬಿಚ್ಚಿದ್ದರೆ ಒಂದೇ ನೋಟಕ್ಕೆ ಕಾಣುತ್ತಿತ್ತು. ಒಂದು ತಾಸಿನ ಕೆಲಸ.

ವಿಚಾರಣೆ ನಡೆಯಿತು. ಡೈರಿ ಮೇಜಿನ ಮೇಲಿತ್ತು. ಅದರಲ್ಲಿ ಮೂರು ಸಹಿ. ಚಾಲಕ ಹೇಳಿದ, ನಾನು ಬರೆದಿದ್ದೆ. ಹವಾಲ್ದಾರ ಹೇಳಿದ, ನಾನು ಓದಿ ಕಳಿಸಿದ್ದೆ. ನಾನು ಹೇಳಿದೆ, ನಾನು ಗಾಳಿ ತೆಗೆದಿದ್ದೆ. ಮೂರೂ ನಿಜ. ವಿಚಾರಣೆಯ ಅಧಿಕಾರಿ ಸಿಟ್ಟು ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಬ್ರೇಕ್ ಎಣ್ಣೆ ಪೆಟ್ರೋಲಿನಂತೆ ಉರಿದು ಹೋಗುವುದಿಲ್ಲ. ಎರಡು ದಿನ ಹಾಕಿದ ಎಣ್ಣೆ ಎಲ್ಲಿಗೆ ಹೋಯಿತು ಎಂದು ನಿಮ್ಮ ಮೂವರಲ್ಲಿ ಯಾರು ಕೇಳಿದಿರಿ?"

ಯಾರೂ ಕೇಳಿರಲಿಲ್ಲ. ಲೈನಿಂಗ್ ಸವೆದಂತೆ ಎಣ್ಣೆಯ ಮಟ್ಟ ತುಸು ಇಳಿಯುವುದುಂಟು, ತಿಂಗಳುಗಟ್ಟಲೆ. ಎರಡು ದಿನಕ್ಕೆ ಇಳಿದರೆ ಅದು ಎಲ್ಲೋ ಸೋರುತ್ತಿದೆ. ಇದು ಮೆಕ್ಯಾನಿಕ್ಕಿಗೆ ಮೊದಲ ತಿಂಗಳೇ ಕಲಿಸುವ ಪಾಠ. ಉಳಿದಿಬ್ಬರಿಗೆ ಎಚ್ಚರಿಕೆ ಸಿಕ್ಕಿತು. ನನಗೆ ಸಿವಿಯರ್ ರೆಪ್ರಿಮಾಂಡ್, ಅಂದರೆ ಕಠಿಣ ಛೀಮಾರಿ. ಅದು ನನ್ನ ಸೇವಾ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಕೂತಿತು. ಬಡ್ತಿ ತಡವಾಯಿತು. ಆ ಶಿಕ್ಷೆ ನ್ಯಾಯವಾಗಿತ್ತು. ನನಗೆ ಹೆಚ್ಚು ನೋವಾದದ್ದು ಅದರಿಂದಲ್ಲ. ಆಸ್ಪತ್ರೆಗೆ ಹೋದಾಗ ಆ ಬಿಹಾರಿ ಹುಡುಗ ಪ್ಲಾಸ್ಟರ್ ಹಾಕಿದ ಕೈ ಎತ್ತಿ ನನಗೇ ಕ್ಷಮೆ ಕೇಳಿದ. "ಉಸ್ತಾದ್, ಗಾಡಿ ಜಖಂ ಆಯಿತು" ಅಂದ. ಜಖಂ ಮಾಡಿದವನು ನಾನು.

ನಮ್ಮಲ್ಲಿ ಗಾದೆ ಇದೆ, ಹತ್ತು ಮಂದಿ ಇದ್ದಲ್ಲಿ ಹಾವು ಸಾಯುವುದಿಲ್ಲ. ಪ್ರತಿಯೊಬ್ಬನೂ ಇನ್ನೊಬ್ಬ ಹೊಡೆಯುತ್ತಾನೆ ಎಂದುಕೊಳ್ಳುತ್ತಾನೆ. ಹಂತಗಳನ್ನು ಮಾಡಿದ್ದೇ ಈ ಗಾದೆ ಸುಳ್ಳಾಗಲಿ ಎಂದು. ಇಂಥ ಕೋಲು ಇಂಥವನ ಕೈಯಲ್ಲಿ ಎಂದು ಹೇಳುವುದಕ್ಕೆ. ಆದರೆ ನಾವು ಹಂತವನ್ನು ಗೋಡೆ ಎಂದುಕೊಂಡೆವು. ನನ್ನ ಭಾಗ ಮುಗಿಯಿತು, ಆಚೆ ಎಸೆದೆ ಎಂದುಕೊಂಡೆವು. ಹಂತ ಗೋಡೆಯಲ್ಲ, ಹೊಸ್ತಿಲು. ಹೊಸ್ತಿಲಲ್ಲಿ ನಿಂತು ಕೈಗೆ ಕೈ ಕೊಟ್ಟು ಒಪ್ಪಿಸಬೇಕು. ಹೀಗಾಗಿದೆ, ಇಷ್ಟು ಮಾಡಿದ್ದೇನೆ, ಇಷ್ಟು ಮಾಡಿಲ್ಲ, ಕಾರಣ ಇನ್ನೂ ಸಿಕ್ಕಿಲ್ಲ ಎಂದು ಹೇಳಬೇಕು. ಆ ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯ. ಅಂದು ನಾನು 'ದುರಸ್ತಾಗಿದೆ' ಎಂದು ಬರೆಯುವ ಬದಲು 'ಗಾಳಿ ತೆಗೆದಿದೆ, ಕಾರಣ ನೋಡಿಲ್ಲ, ಗಾಡಿ ಬಿಡಬೇಡಿ' ಎಂದು ಬರೆದಿದ್ದರೆ ಒಂದು ಗಾಡಿ ಒಂದು ದಿನ ನಿಲ್ಲುತ್ತಿತ್ತು, ಅಷ್ಟೇ. ನನ್ನನ್ನು ನಾಲ್ಕು ಜನ ಬೈಯುತ್ತಿದ್ದರು. ಬೈಸಿಕೊಳ್ಳುವುದೂ ಹೊಣೆಯ ಒಂದು ಭಾಗ.

ಮುಂದೆ ನಾನು ಜೆ.ಸಿ.ಓ. ಆದೆ, ಹುಡುಗರಿಗೆ ಕೆಲಸ ಕಲಿಸಿದೆ. ಹೊಸ ಮೆಕ್ಯಾನಿಕ್ ಬಂದರೆ ಮೊದಲ ದಿನ ಈ ಕತೆಯನ್ನೇ ಹೇಳುತ್ತಿದ್ದೆ. ಸಹಿ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತಿದ್ದೆ. ಇದು ನನ್ನ ಕೆಲಸವೇ? ಹೌದಾದರೆ ಪೂರ್ತಿ ಮಾಡಿದೆನೇ? ಅಲ್ಲವಾದರೆ ಯಾರದೋ ಅವರ ಕೈಗೆ ತಲುಪಿಸಿದೆನೇ? ಚಾಲಕನಿಗೂ ಒಂದು ಮಾತು ಹೇಳುತ್ತಿದ್ದೆ. ನೀನು ಬರೆದದ್ದನ್ನು ನಾನು ಓದಿ ಸುಮ್ಮನಾದರೆ, ನನ್ನ ಡೇರೆಗೆ ಬಂದು ಜಗಳ ಮಾಡು. ನಾನು ಎಷ್ಟೇ ಕಲಿತವನಾಗಿರಲಿ, ಆ ಗಾಡಿಯ ದನಿ ದಿನವೂ ಕೇಳುವವನು ನೀನು. ನಾಲ್ಕು ಹಂತಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ನಿನ್ನದಾದರೂ, ದೋಷ ಮೊದಲು ಕಾಣುವುದು ಅಲ್ಲೇ. ಅಲ್ಲಿ ಕಾಣದ್ದು ಬೇಸ್ ವರ್ಕ್‌ಶಾಪಿಗೆ ಮುಟ್ಟುವಷ್ಟರಲ್ಲಿ ಬಹಳ ಸಲ ತಡವಾಗಿರುತ್ತದೆ.

ಮಕ್ಕಳೇ, ನಿಮ್ಮಲ್ಲಿ ಎಷ್ಟೋ ಜನರ ಹತ್ತಿರ ಸೈಕಲ್ ಇದೆ. ನಮ್ಮ ಕಾಲದಲ್ಲಿ ಇರಲಿಲ್ಲ, ನಾವು ಮೂರು ಮೈಲಿ ನಡೆದು ಬರುತ್ತಿದ್ದೆವು. ಬೆಳಿಗ್ಗೆ ಒಳಗೆ ಬರುವಾಗ ಶೆಡ್ಡಿನಲ್ಲಿ ನಿಂತಿದ್ದ ಸೈಕಲ್‌ಗಳನ್ನು ನೋಡಿದೆ. ಹಳೆಯ ಚಟ, ಕೈ ಸುಮ್ಮನಿರಲಿಲ್ಲ. ಹತ್ತು ಸೈಕಲ್ಲಿನ ಬ್ರೇಕ್ ಹಿಡಿದು ನೋಡಿದೆ. ನಾಲ್ಕಕ್ಕೆ ಬ್ರೇಕ್ ಇಲ್ಲ. ಶಾಲೆಯ ಮುಂದೆ ಹೆದ್ದಾರಿ ಇದೆ, ಕಬ್ಬಿನ ಟ್ರ್ಯಾಕ್ಟರುಗಳು ಓಡುತ್ತವೆ. ಗಾಳಿ, ಸರಪಳಿಗೆ ಎಣ್ಣೆ, ಬೆಳಿಗ್ಗೆ ಬ್ರೇಕ್ ಹಿಡಿದು ನೋಡುವುದು ನಿಮ್ಮ ಹಂತ. ಬ್ರೇಕಿನ ರಬ್ಬರ್ ಸವೆದಿದ್ದರೆ ಅಪ್ಪನಿಗೋ ಅಣ್ಣನಿಗೋ ಹೇಳುವುದು, ಅವರು ಮರೆತರೆ ಮತ್ತೆ ಹೇಳುವುದು, ಇದೂ ನಿಮ್ಮ ಹಂತವೇ. ಬದಲಿಸಿ ಕೊಡುವುದು ಅವರ ಹಂತ. ಹಬ್ಬಿನ ಬೇರಿಂಗು ಹೋದರೆ ಸೈಕಲ್ ಅಂಗಡಿಯವನದು. ಯಾರ ಹಂತದಲ್ಲೂ ಇಲ್ಲದ ಕೆಲಸ ಒಂದೇ, ನೋಡಿಯೂ ಸುಮ್ಮನೆ ಹತ್ತಿ ಹೋಗುವುದು.

ಆ ನಾಲ್ಕು ಸೈಕಲ್ಲಿನವರು ಗೋಷ್ಠಿ ಮುಗಿದ ಮೇಲೆ ನನ್ನ ಹತ್ತಿರ ಬನ್ನಿರಿ. ಬೈಯುವುದಕ್ಕಲ್ಲ. ಪಾನಾ ತಂದಿದ್ದೇನೆ. ಹೇಗೆ ಬಿಗಿಮಾಡುವುದು ಎಂದು ತೋರಿಸುತ್ತೇನೆ, ಬಿಗಿಮಾಡುವವರು ಮಾತ್ರ ನೀವೇ.